ಗಾಣಕ್ಕ ಹಚ್ಚಿದ ಬೈಕಿಗೆ ಗಾಳಿ

ಮುಧೋಳದಿಂದ ಜಮಖಂಡಿಗೆ ಹೋಗೂ ರಸ್ತಾದಾಗ, ಊರು ಮುಗಿಯೂ ಕಡೆ, ಒಂದು ಬೇವಿನ ಗಿಡದ ಕೆಳಗ ನಮ್ಮ ಕಬ್ಬಿನ ಹಾಲಿನ ಗಾಣ ನಿಂದರತೈತಿ. ಆ ಗಾಣ ತಿರುಗಸೂದು ಕರೆಂಟ್ ಅಲ್ಲ, ಡೀಸೆಲ್ ಎಂಜಿನ್ನೂ ಅಲ್ಲ, ನನ್ನ ಮಗನ ಬೈಕು. ಹಿಂದಿನ ಗಾಲಿಗೆ ಅಂವ ಒಂದು ಕಬ್ಬಿಣದ ಪುಲ್ಲಿ ವೆಲ್ಡಿಂಗ್ ಮಾಡಿಸಿದ್ದ. ಬೈಕನ್ನ ದೊಡ್ಡ ಸ್ಟ್ಯಾಂಡಿಗೆ ಹಾಕಿ, ಪುಲ್ಲಿಗೂ ಗಾಣದ ಚಕ್ರಕ್ಕೂ ಬೆಲ್ಟ್ ಏರಿಸಿ, ಎರಡನೇ ಗೇರಿನಾಗ ಬಿಟ್ಟರ ಗಾಣ ತಿರಗತೈತಿ. ಸಂಜಿಗೆ ಬೆಲ್ಟ್ ಇಳಿಸಿದರ ಅದು ಮತ್ತ ಬೈಕು. ಅದರ ಮ್ಯಾಲ ಕುಂತು ಬೆಳಗಲಿಗೆ, ನಮ್ಮ ಮನಿಗೆ ಹೋಗೂದು.

ಮಗ ಹೋದ ಮಳಿಗಾಲದಾಗ ಜ್ವರ ಬಂದು ಸತ್ತ. ಅದನ್ನ ಇಲ್ಲಿ ಬರಿಯೂದಿಲ್ಲ. ನಾ ಬರಿಯಾಕ ಕುಂತದ್ದು ಎಂಜಿನ್ನಿನ ಬಗ್ಗೆ. ಮೂರನೇತ್ತ ಕಲ್ತಾಕಿ ನಾ, ಅಕ್ಷರ ತಪ್ಪಿದರ ತಪ್ಪಲಿ.

ಮಗ ಹೋದ ಮ್ಯಾಲ ಸೊಸಿ ಬೈಕ್ ಹೊಡಿಯೂದು ಕಲಿತಳು. ನಾಲ್ಕು ಮಂದಿ ಆಡಿಕೊಂಡರು, ಆಮ್ಯಾಲ ಸುಮ್ಮನಾದರು. ಮೊಮ್ಮಗಳನ್ನ ಸಾಲಿಗೆ ಬಿಟ್ಟು, ಅಕಿ ಮುಂದ, ನಾ ಹಿಂದ ಕುಂತು ಬರತಿದ್ದಿವಿ. ಬೆಲ್ಟು, ಎಂಜಿನ್ನು, ಗಾಣಕ್ಕ ಕಬ್ಬು ಕೊಡೂದು ಅಕಿ ಕೆಲಸ. ಕಬ್ಬು ಹೆರಿಯೂದು, ಲಿಂಬಿ ಹಿಂಡೂದು, ಗ್ಲಾಸು ತೊಳಿಯೂದು ನಂದು. ಇಬ್ಬರೂ ಹೆಚ್ಚಿಗಿ ಮಾತಾಡತಿದ್ದಿಲ್ಲ. ಏಳೂದು, ಹೋಗೂದು, ಬರೂದು, ಮಲಗೂದು. ದಿನಾ ಹಂಗ ಹೋಗತಿದ್ದವು.

ಥಂಡಿ ದಿನದಾಗ ಎಂಜಿನ್ ತಕರಾರು ಮಾಡಲಿಲ್ಲ. ಸಂಕ್ರಮಣ ಮುಗದು ಬಿಸಿಲು ಏರಿದ ಮ್ಯಾಲ ಸುರು ಆತು. ಮಧ್ಯಾಹ್ನ ಗಿರಾಕಿ ಬರೂ ಹೊತ್ತಿನಾಗ ಮೊದಲ ಗಾಣ ಸಾವಕಾಶ ಆಗತಿತ್ತು. ಆಮ್ಯಾಲ ಎಂಜಿನ್ನಿನ ಒಳಗ ಟಕ್ ಟಕ್ ಸಪ್ಪಳ, ಸುಟ್ಟ ವಾಸನಿ, ಆಮ್ಯಾಲ ಗಪ್. ಕಿಕ್ ಹೊಡದರ ತಿರುಗಿ ನಮ್ಮ ಕಾಲಿಗೇ ಒದ್ದಂಗ ಆಗತಿತ್ತು. ಕಬ್ಬು ಗಾಣದ ಬಾಯಾಗ ಅರ್ಧ ಸಿಕ್ಕೊಂಡು ನಿಂದರತಿತ್ತು. ಗಿರಾಕಿ ನಮ್ಮ ಮಾರಿ ನೋಡಿ ಬಾಜೂ ಚಾದಂಗಡಿಗೆ ಹೋಗತಿದ್ದರು. ಮಗ ಇದನ್ನ ಬ್ಯಾಸಿಗ್ಯಾಗ ಹೆಂಗ ನಡಸತಿದ್ದ ಅಂತ ನಾವಿಬ್ಬರೂ ಅಂವ ಇದ್ದಾಗ ಕೇಳಿರಲಿಲ್ಲ.

ಅದೇ ವಾರದಾಗ ಸೊಸಿಯ ಅಣ್ಣ ಬಂದ. ಗಲಗಲಿಯಂವ, ಹೊಳಿ ದಂಡಿಗೆ ಹೊಲ ಐತಿ. ಅಂವ ಬಂದಾಗ ಎಂಜಿನ್ ನಿಂತಿತ್ತು. ನೆರಳಿಗೆ ಕುಂತು ಟಾವೆಲ್ಲಿಲೆ ಮಾರಿ ಒರಸಿಕೊಂಡ.

“ಇದೇನ್ ಬಾಳೇವ ತಂಗಿ? ಮ್ಯಾಲ ಬಿಸಲು, ಬಾಜೂ ಬೆಂಕಿ. ಮಗಳನ್ನ ಕರಕೊಂಡು ಮನಿಗೆ ಬಾ. ಅಲ್ಲೂ ಸಾಲಿ ಐತಿ. ಬೈಕ್ ನಾ ಹೊಡಕೊಂಡು ಬರತೇನಿ.”

ಸೊಸಿ ನನ್ನ ಕಡೆ ನೋಡಲಿಲ್ಲ. “ಯುಗಾದಿತನಕ ನೋಡತೇನಿ ಅಣ್ಣಾ. ಗಾಣ ನಡದರ ಇರತೇನಿ. ನಡೀಲಿಲ್ಲಂದ್ರ ಬರತೇನಿ.”

“ನೀವೇನಂತೀರಿ ಅವ್ವಾರ?” ಅಂತ ಅಂವ ನನ್ನ ಕೇಳಿದ.

“ನಾ ಏನನ್ಲಿ? ಅಕಿ ಜೀವ, ಅಕಿ ದಾರಿ” ಅಂದೆ.

ಅಕಿ ಹೋದರ ಮೊಮ್ಮಗಳೂ ಹೋಗತಾಳ, ಬೈಕೂ ಹೋಗತೈತಿ, ಗಾಣವೂ ನಿಂದರತೈತಿ. ನಾ ಒಬ್ಬಾಕಿ ಉಳೀತೇನಿ. ಎಲ್ಲಾ ಗೊತ್ತಾತು. ಗೊತ್ತಾದರೂ ಎದಿಯಾಗ ಏನೂ ಆಗಲಿಲ್ಲ. ಆ ದಿನಮಾನದಾಗ ನನಗ ಏನೂ ಆಗತಿರಲಿಲ್ಲ. ಎಂಜಿನ್ ತಣ್ಣಗ ಮಾಡಬೇಕು ಅನ್ನೂದಷ್ಟ ತಲಿಯಾಗ ಕುಂತಿತು.

ಓಡೂ ಬೈಕಿಗೆ ಎದುರ ಗಾಳಿ ಬಡದು ಎಂಜಿನ್ ಆರತೈತಿ, ನಿಂತ ಬೈಕಿಗೆ ಗಾಳಿ ಎಲ್ಲಿಂದ ಬರಬೇಕು ಅಂತ ಗ್ಯಾರೇಜಿನ ಮಿಸ್ತ್ರಿ ಹೇಳಿದ. ಅದಕ್ಕ ಮೊದಲ ಬೈಕಿನ ಮಾರಿಯನ್ನ ಗಾಳಿ ಬರೂ ಪಡುವಣ ದಿಕ್ಕಿಗೆ ತಿರುಗಿಸಿದಿವಿ. ಗಾಣವನ್ನೂ ಅದರ ಕೂಡ ಎಳದು ತಿರುಗಿಸಬೇಕಾತು, ಅರ್ಧ ದಿನ ಅದಕ್ಕ ಹೋತು. ಆದ್ರ ಗಾಳಿ ಬರತಿದ್ದದ್ದು ಸಂಜಿಗೆ, ಗಿರಾಕಿ ಬರತಿದ್ದದ್ದು ಮಧ್ಯಾಹ್ನ.

ಎರಡನೇದು ನನ್ನ ತಲಿ. ಬ್ಯಾಸಿಗ್ಯಾಗ ಕುಡಿಯೂ ನೀರಿನ ಕೊಡಕ್ಕ ಹಸಿ ತಟ್ಟು ಸುತ್ತತೇವಲ್ಲ, ನೀರು ತಂಪಿರತೈತಲ್ಲ. ಗೋಣಿ ತಟ್ಟು ತೋಯಿಸಿ ಎಂಜಿನ್ನಿಗೆ ಸುತ್ತಿ ಹಗ್ಗ ಕಟ್ಟಿದೆ. ಸ್ವಲ್ಪ ಹೊತ್ತು ಹೊಗಿಯಂಗ ಆವಿ ಬಂತು. ಆಮ್ಯಾಲ ತಟ್ಟು ಒಣಗಿ ಸೈಲೆನ್ಸರಿನ ಕಡೆ ಕರ್ರಗ ಆತು. ಎಂಜಿನ್ ದಿನಾ ನಿಲ್ಲೂದಕ್ಕಿಂತ ಮೊದಲ ನಿಂತಿತು. ಮಿಸ್ತ್ರಿ ಬಂದು ತಟ್ಟು ಕಿತ್ತು ಒಗದ.

“ಆಯೀ, ಇದೇನ್ ಎಂಜಿನ್ನ, ಏನ್ ನೀರಿನ ಗಡಿಗಿ? ಇಲ್ನೋಡು, ಎಂಜಿನ್ನಿನ ಸುತ್ತ ಸಾಲಾಗಿ ಪಟ್ಟಿ ಅದಾವಲ್ಲ, ಇವಕ್ಕ ಫಿನ್ ಅಂತಾರ. ಇವುಗಳ ನಡಕ ಗಾಳಿ ಆಡಬೇಕು. ನೀ ಅದರ ಬಾಯಿಗೇ ಬಟ್ಟಿ ತುರಕೀದಿ. ಮ್ಯಾಲ ನೀರು ಬ್ಯಾರೆ! ಕಾದ ಫಿನ್ನಿಗೆ ನೀರು ಬಿದ್ದರ ಸೀಳತೈತಿ. ನೀರು ಹಾಕಬ್ಯಾಡ. ತಿಳೀತೇನು?”

“ತಿಳೀತು.”

ಅಂವ ಆಯಿಲ್ ಇಳಿಸಿ ದಪ್ಪನ್ನ ಆಯಿಲ್ ಹಾಕಿದ. ಪೆಟ್ರೋಲ್ ಕಡಿಮಿ ಬಂದರೂ ಎಂಜಿನ್ ಕಾಯತೈತಿ ಅಂತ ಕಾರ್ಬೊರೇಟರಿನ ಸ್ಕ್ರೂ ಒಂದೀಟ ತಿರುಗಿಸಿದ. ಅಂವ ಬಗ್ಗಿ ಕೆಲಸ ಮಾಡೂವಾಗ ನಾನೂ ಬಗ್ಗಿ ನೋಡಿದೆ. ಸುಟ್ಟ ವಾಸನಿ ಆಯಿಲಿನದಲ್ಲ, ಬೆಲ್ಲದ ಪಾಕ ಹೊತ್ತಿದ ವಾಸನಿ. ಗಾಣದಿಂದ ಸಿಡಿಯೂ ಹಾಲು, ಮ್ಯಾಲ ಹಾರಿ ಬರೂ ಸಿಪ್ಪಿಯ ಹುಡಿ, ಎರಡೂ ಕೂಡಿ ಫಿನ್ನಿನ ಸಂದಿಯೊಳಗ ಸುಟ್ಟು ಸುಟ್ಟು ಕಲ್ಲಾಗಿತ್ತು. ಒಂದು ಸಂದಿಯಾಗೂ ಬೆಳಕು ಹಾಯತಿರಲಿಲ್ಲ.

ಎಂಜಿನ್ ಆರಿದ ಮ್ಯಾಲ ಸೊಸಿ ಒಂದು ಕಡೆ, ನಾ ಒಂದು ಕಡೆ ಕುಂತು ಚಿಮಣಿ ಎಣ್ಣಿ ಹಚ್ಚಿ, ಸೈಕಲ್ ಗಾಲಿಯ ಕಡ್ಡಿಯಿಂದ ಕೆರದಿವಿ. ಹೊತ್ತು ಮುಳುಗೂತನಕ ಕೆರದಿವಿ. ಚಾದಂಗಡಿಯಂವ ನೋಡಿ, “ಏನ್ ಆಯಿ, ಬೈಕಿಗೆ ಹಲ್ಲ ತಿಕ್ಕಾಕತ್ತೀರೇನು?” ಅಂದ. ಸೊಸಿ ನಕ್ಕಳು. ಮಗ ಹೋದ ಮ್ಯಾಲ ಅಕಿ ನಕ್ಕದ್ದು ನಾ ನೋಡಿದ್ದು ಅದೇ ಮೊದಲು. ಗುರುತು ಹಿಡದೆ, ಅಷ್ಟ. ಕೆರಿಯೂದು ಮುಂದುವರಿಸಿದೆ.

ಅದರಿಂದ ಖರೆ ಫರಕ್ ಬಿತ್ತು. ಮೊದಲಿನಕಿಂತ ಹೆಚ್ಚು ಹೊತ್ತು ನಡೀತು. ಆದ್ರೂ ನಡು ಮಧ್ಯಾಹ್ನಕ್ಕ ನಿಂದರತಿತ್ತು.

ಆಮ್ಯಾಲ ಅಮಾಸಿ ಬಂತು. ನಮ್ಮ ಕಡೆ ಅಮಾಸಿ ದಿನ ಗಾಡಿ, ಮಷಿನ್ನು, ತಕ್ಕಡಿ ಎಲ್ಲಾಕ್ಕೂ ಕಾಯಿ ಒಡಿಯೂದು. ಮಗ ಇದ್ದಾಗ ಮುಂಜಾನೆ ಬಂದ ಕೂಡಲೇ ಒಡೀತಿದ್ದ. ಅಂವ ಹೋದ ಮ್ಯಾಲ ನಾವು ಬಿಟ್ಟಿದ್ದಿವಿ. ಆ ದಿನ ಎಂಜಿನ್ ನಿಂತಾಗ ಚಾದಂಗಡಿಯಂವ, “ಅಮಾಸಿ ಮಾಡೂದು ಬಿಟ್ಟೀರಿ, ಅದಕ್ಕ ಹಿಂಗ” ಅಂದ. ನನಗ ನಂಬಿಕಿ ಇತ್ತು ಅಂತಲ್ಲ, ಮಾಡಲಿಕ್ಕ ಬ್ಯಾರೆ ಏನೂ ಇರಲಿಲ್ಲ. ಕಾಯಿ ತಂದು, ವಿಭೂತಿ ಹಚ್ಚಿ, ದೃಷ್ಟಿ ಹೋಗಲಿ ಅಂತ ಎಂಜಿನ್ನಿಗೆ ಇಳಿ ತಗದು, ಅಲ್ಲೇ ಕಲ್ಲಿಗೆ ಒಡದು, ಕಾಯಿ ನೀರನ್ನ ಪದ್ಧತಿ ಪ್ರಕಾರ ಎಂಜಿನ್ನಿನ ಮ್ಯಾಲ ಬಿಟ್ಟೆ. ಮಿಸ್ತ್ರಿ ನೀರು ಹಾಕಬ್ಯಾಡ ಅಂದಿದ್ದ. ಕಾಯಿ ಒಡೀಬ್ಯಾಡ ಅಂದಿರಲಿಲ್ಲ.

ಟಿಣ್ ಅಂತು. ಒಂದು ಫಿನ್ನಿನ ತುದಿ ಸೀಳಿ ಕೆಳಗ ಬಿತ್ತು.

ಸೊಸಿ ಅದನ್ನ ನೋಡಿದಳು, ನನ್ನ ನೋಡಿದಳು. “ಅತ್ತೀ, ಎಂಜಿನ್ ಆರೂತನಕ ಕಾಯಾಕ ಏನಾಗಿತ್ತು?” ಅಂದಳು.

“ದೇವರಿಗೆ ಗೊತ್ತಾಗಬಾರದೇನು, ಎಂಜಿನ್ ಕಾದೈತಿ ಅಂತ” ಅಂದೆ.

ಮಿಸ್ತ್ರಿ ಬೈಲಿಲ್ಲ. ಬೈದಿದ್ದರ ಛಲೋ ಆಗತಿತ್ತು. “ತುದಿ ಅಷ್ಟ ಹೋಗೈತಿ, ಒಳಗ ಏನೂ ಆಗಿಲ್ಲ. ಇನ್ನ ಮ್ಯಾಲ ಅದು ನಿಲ್ಲೂತನಕ ಬಿಡಬ್ಯಾಡ್ರಿ. ಕಾವು ನೋಡಕೋತ ಇರ್ರಿ, ಹೆಚ್ಚಾದರ ನೀವ ನಿಲ್ಲಸ್ರಿ. ಒಳಗ ಪಿಸ್ಟನ್ ಹಿಡಕೊಂಡರ ಎಂಜಿನ್ ಮುಗೀತು” ಅಂದ.

ಕಾವು ನೋಡೂ ಕೆಲಸ ನಾ ತಗೊಂಡೆ. ಕೈ ಚಾಚಿ ಹತ್ತಿರ ಹಿಡದು ನೋಡೂದು. ನನಗ ಸಕ್ರಿ ಬ್ಯಾನಿ ಐತಿ, ಬೆರಳಾಗ, ಅಂಗೈಯಾಗ ಸ್ಪರ್ಶ ಕಡಿಮಿ. ಅದನ್ನ ಲೆಕ್ಕಕ್ಕ ಹಿಡಿಲಿಲ್ಲ. ಒಂದು ದಿನ ಗಿರಾಕಿ ಕೂಡ ಮಾತಾಡಕೋತ ಕೈ ಊರಿ ನಿಂತಿದ್ದೆ. ಏನ ಮ್ಯಾಲ ಊರೇನಿ ಅಂತ ನೋಡಿರಲಿಲ್ಲ. ಸೊಸಿ ಓಡಿ ಬಂದು ನನ್ನ ಮಣಿಕಟ್ಟು ಹಿಡದು ಜಗ್ಗಿದಳು.

“ಚರ್ಮ ಸುಡಾಕತ್ತೈತಿ ಅತ್ತೀ! ವಾಸನಿ ಬರವಲ್ದೇನು ನಿಮಗ?”

ಅಂಗೈ ನೋಡಿದೆ. ಫಿನ್ನಿನ ಗೆರಿ ಸಾಲಾಗಿ ಬಿದ್ದಿದ್ದವು. ನೋವಿರಲಿಲ್ಲ. ಯಾರದೋ ಕೈ ನೋಡಿದಂಗ ಇತ್ತು.

“ಅಳರಿ ಒಂದೀಟ” ಅಂದಳು ಸೊಸಿ.

“ಬ್ಯಾನಿ ಆಗದ ಹೆಂಗ ಅಳೂದು?”

ಅಕಿ ನನ್ನ ಕೈಗೆ ಮುಲಾಮ ಹಚ್ಚಿ, ಬಟ್ಟಿ ಕಟ್ಟಿ, ತಾನ ಅತ್ತಳು. ಎಂಜಿನ್ ಬಂದ್ ಮಾಡಿ, ಗಾಣಕ್ಕ ಆತು ನಿಂತು ಅತ್ತಳು. ನಾ ಗ್ಲಾಸ್ ತೊಳದೆ, ಒಂದ ಕೈಲೆ.

ಅವತ್ತಿನಿಂದ ಕೈ ಬಿಟ್ಟು ಹನಿ ಹಿಡದಿವಿ. ರೊಟ್ಟಿ ಬೇಯಿಸೂ ಹಂಚು ಕಾದೈತೋ ಇಲ್ಲೋ ಅಂತ ನೋಡಾಕ ನೀರು ಚಿಮುಕಸತೇವಲ್ಲ, ಹಂಗ. ಒಂದು ಹನಿಗೆ ಫಿನ್ನಿಗೆ ಏನೂ ಆಗೂದಿಲ್ಲ ಅಂತ ಮಿಸ್ತ್ರಿನ್ನ ಕೇಳಕೊಂಡೇ ಮಾಡಿದಿವಿ. ಹನಿ ಚುಂಯ್ ಅಂತ ಜಿಗದು ಹಾರಿದರ ಎಂಜಿನ್ ಬಂದ್ ಮಾಡೂದು. ಅಲ್ಲೇ ಕುಂತು ಸಾವಕಾಶ ಆರಿದರ ನಡಸೂದು. ಇದರಿಂದ ಎಂಜಿನ್ ಉಳೀತು, ಗಿರಾಕಿ ಉಳೀಲಿಲ್ಲ. ನಾವು ಬಂದ್ ಮಾಡಿ ಕುಂದ್ರೂ ಹೊತ್ತ ಹೆಚ್ಚಾತು.

ಗಾಳಿ ಬೇಕು ಅಂತ ಸೊಸಿ ಜಮಖಂಡಿ ಗುಜರಿಯಿಂದ ಹಳೆ ಕಾರಿನ ರೇಡಿಯೇಟರ್ ಫ್ಯಾನ್ ತಂದಳು. ಬೈಕಿನ ಬ್ಯಾಟರಿಗೆ ವಾಯರ್ ಕೊಟ್ಟು ಹಚ್ಚಿದಳು. ಏನ್ ಗಾಳಿ ಅದು! ನನ್ನ ಸೆರಗು ಹಾರತಿತ್ತು. ಎಂಜಿನ್ ಆರಿತು, ನಾವು ಹಿಗ್ಗಿದಿವಿ. ಹಿಗ್ಗು ಮುಗಿಯೂದರಾಗ ಬ್ಯಾಟರಿ ಕುಂತಿತು. ಬೈಕು ಬ್ಯಾಟರಿಗೆ ಕೊಡೂ ಕರೆಂಟು ಗುಟುಕು, ಆ ಫ್ಯಾನ್ ಕುಡಿಯೂದು ಕೊಡ. ಮರುದಿನ ಬ್ಯಾಟರಿ ಪೂರಾ ಸತ್ತಿತ್ತು.

ಮಿಸ್ತ್ರಿ ಎಲ್ಲಾ ನೋಡಿ ಕಡೀಕ ಹೇಳಿದ. “ಬೈಕ್ ಬೈಕ್ ಆಗಿರೂತನಕ ಇದು ಹಿಂಗ. ಮುಂದಿನ ಗಾಲಿ, ಹ್ಯಾಂಡಲ್, ಪೆಟ್ರೋಲ್ ಟಾಕಿ ತಗೀಬೇಕು. ಚಾಸಿ ಕೊಯ್ದು ಎಂಜಿನ್ನನ್ನ ಕಬ್ಬಿಣದ ಚೌಕಟ್ಟಿನ ಮ್ಯಾಲ ಕುಂದ್ರಸಬೇಕು. ನಾಕೂ ಕಡೆ ಬಯಲಾಗತೈತಿ, ಗಾಳಿ ಆಡತೈತಿ, ಮ್ಯಾಲ ಟಾಕಿ ಕಾಯೂದೂ ತಪ್ಪತೈತಿ. ಆದ್ರ ಕೊಯ್ದ ಮ್ಯಾಲ ಅದು ಮತ್ತ ರಸ್ತಾ ಹತ್ತೂದಿಲ್ಲ.”

“ಕೊಯ್ಯಿ” ಅಂದೆ.

ಮಿಸ್ತ್ರಿ ಸೊಸಿ ಕಡೆ ನೋಡಿದ. ಅಕಿ ಬೈಕಿನ ಸೀಟಿನ ಮ್ಯಾಲ ಕೈ ಇಟಗೊಂಡು ನಿಂತಿದ್ದಳು.

“ಕೊಯ್ದರ ನಾವು ಮನಿಗೆ ಹೆಂಗ ಹೋಗೂದು?” ಅಂದಳು.

“ಬಸ್ಸಿಗೆ.”

“ಬೆಲ್ಟು, ಗ್ಲಾಸಿನ ಬುಟ್ಟಿ, ಉಳದ ಕಬ್ಬು?”

“ಅವೂ ಬಸ್ಸಿಗೆ.”

ಅಕಿ ಬೆಲ್ಟ್ ಇಳಿಸಿ, ಸುತ್ತಿ, ಬುಟ್ಟಿಗೆ ಹಾಕಿದಳು. ಮಿಸ್ತ್ರಿ ಮರುದಿನ ಕಟರ್ ತಗೊಂಡು ಬರತೇನಿ ಅಂದಿದ್ದ.

ಮರುದಿನ ಐತವಾರ. ನಾ ಎದ್ದು ನೋಡಿದರ ಅಂಗಳದಾಗ ಬೈಕ್ ಇಲ್ಲ, ಸೊಸಿ ಇಲ್ಲ, ಮೊಮ್ಮಗಳೂ ಇಲ್ಲ. ಅಕಿ ಸೀರಿ ಗಂಟು ಐತೋ ಇಲ್ಲೋ ಅಂತ ಟ್ರಂಕ್ ತಗದು ನೋಡಬಹುದಾಗಿತ್ತು. ನೋಡಲಿಲ್ಲ. ಚಾ ಕುಡದು, ಬಸ್ ಹಿಡದು ಗಾಣದ ಹತ್ರ ಬಂದು ಕುಂತೆ. ಮನ್ಯಾಗ ಕುಂತರೂ ಅಷ್ಟ, ಇಲ್ಲಿ ಕುಂತರೂ ಅಷ್ಟ.

ಮಿಸ್ತ್ರಿ ಕಟರ್ ತಗೊಂಡು ಬಂದ.

“ಬೈಕ್ ಎಲ್ಲಿ ಆಯಿ?”

“ಗೊತ್ತಿಲ್ಲ.”

“ಸೊಸಿ?”

“ಬೈಕ್ ಎಲ್ಲೈತೋ ಅಲ್ಲಿ.”

ಅಂವ ತಲಿ ಕೆರಕೊಂಡ. “ತವರಮನಿಗೆ ಹೋದಳೇನು?”

“ಹೋಗಿರಬಹುದು. ಚಾ ಕುಡಿ.”

ಅಂವ ಚಾ ಕುಡದು, ಮಧ್ಯಾಹ್ನಕ್ಕ ಒಮ್ಮಿ ಬಂದು ನೋಡತೇನಿ ಅಂತ ಹೋದ. ನಾ ಕಬ್ಬು ಹೆರದೆ. ಗಾಣ ತಿರಗಸಾಕ ಬೈಕ್ ಇರಲಿಲ್ಲ, ಆದ್ರೂ ಕೈಗೆ ಕೆಲಸ ಬೇಕಾಗಿತ್ತು. ಗಿರಾಕಿ ಬಂದರು, ಇಲ್ಲ ಅಂದೆ. ಮತ್ತ ಬಂದರು, ಇಲ್ಲ ಅಂದೆ. ಹೆರದ ಕಬ್ಬು ಬಿಸಿಲಿಗೆ ಕೆಂಪಾಗಾಕತ್ತಿತು. ಮನಿ ಖಾಲಿ ಆದರ ಹೆಂಗಿರತೈತಿ ಅಂತ ವಿಚಾರ ಮಾಡಿ ನೋಡಿದೆ. ಒಂದು ರೊಟ್ಟಿ ಬಡಿಯೂದು, ಒಂದು ಗಂಗಾಳ ತೊಳಿಯೂದು. ಅಷ್ಟ ಕಂಡಿತು.

ಊಟದ ಹೊತ್ತಿಗೆ ಬೈಕಿನ ಸಪ್ಪಳ ಕೇಳಿತು. ಆ ಸಪ್ಪಳ ನನಗ ಗೊತ್ತು. ಸೊಸಿ ಮುಂದ, ನಡಕ ಮೊಮ್ಮಗಳು, ಹಿಂದ ಹಗ್ಗದಿಂದ ಕಟ್ಟಿದ ದೊಡ್ಡ ಕಬ್ಬಿಣದ ಸಾಮಾನು. ಮೊದಲ ತಿಳೀಲಿಲ್ಲ. ಇಳಿಸಿದ ಮ್ಯಾಲ ಗುರುತಾತು. ರಾಶಿ ಮಾಡೂವಾಗ ಜ್ವಾಳ ತೂರೂ ಕೈಫ್ಯಾನು. ನಾಕು ತಗಡಿನ ರೆಕ್ಕಿ, ಬಾಜೂ ತಿರುವೂ ಹಿಡಿಕಿ, ಕೆಳಗ ಎತ್ತರ ಕಾಲು. ಈಗ ಎಲ್ಲಾರೂ ಮಷಿನ್ನಿನಾಗ ರಾಶಿ ಮಾಡತಾರ, ಗಲಗಲಿಯ ಮನ್ಯಾಗ ಅದು ಅಟ್ಟದ ಮ್ಯಾಲ ಬಿದ್ದಿತ್ತಂತ.

“ಹೇಳಿ ಹೋಗಬಾರದೇನು ಬೇ?” ಅಂದೆ.

“ಹೇಳಿದ್ದರ ನೀವು ಬ್ಯಾಡ ಅಂತಿದ್ರಿ.”

“ಅಂತಿರಲಿಲ್ಲ.”

“ಹಂಗಾರ ಏನೂ ಅಂತಿರಲಿಲ್ಲ. ಅದೂ ನನಗ ಬ್ಯಾಡಾಗಿತ್ತು.” ಅಕಿ ಹಗ್ಗ ಬಿಚ್ಚಿಕೋತ ಹೇಳಿದಳು. “ಅಣ್ಣ ಹೊಲಕ್ಕ ಹೋಗಿದ್ದ, ಅವ್ವ ಇಳಿಸಿ ಕೊಟ್ಟಳು. ಕಾರಿನ ಫ್ಯಾನ್ ಬ್ಯಾಟರಿ ಕುಡೀತು. ಇದನ್ನ ಗಾಣಾನ ತಿರಗಸಲಿ. ಇದೂ ಆಗಲಿಲ್ಲಂದ್ರ ಬೈಕ್ ಕೊಯ್ಯಿರಿ, ನಾ ಬ್ಯಾಡ ಅನ್ನೂದಿಲ್ಲ.”

ಮಿಸ್ತ್ರಿ ಬಂದು ಫ್ಯಾನನ್ನ ಸುತ್ತ ತಿರುಗಿ ನೋಡಿದ. ತಂದ ಕಟರ್ ಸುಮ್ಮನ ಹೋಗಲಿಲ್ಲ. ಫ್ಯಾನಿನ ಕಾಲು ಎದಿಮಟ ಎತ್ತರ, ಎಂಜಿನ್ ಇರೂದು ಮೊಣಕಾಲ ಮಟ. ನಾಕೂ ಕಾಲು ಕೊಯ್ದು ಗಿಡ್ಡ ಮಾಡಿದ. ಹಿಡಿಕಿ ಬಿಚ್ಚಿ ಅಲ್ಲೊಂದು ಸಣ್ಣ ಪುಲ್ಲಿ ಹಾಕಿದ. ಸೊಸಿ ರಬಕವಿಗೆ ಹೋಗಿ ಮಗ್ಗದ ಸಾಮಾನಿನ ಅಂಗಡಿಯಿಂದ ಚಪ್ಪಟಿ ಬೆಲ್ಟ್ ತಂದಳು. ಗಾಣದ ಚಕ್ರದಿಂದ ಫ್ಯಾನಿಗೆ ಆ ಬೆಲ್ಟ್. ಗಾಳಿ ನಾಕೂ ಕಡೆ ಚೆಲ್ಲಬಾರದು ಅಂತ ಎಣ್ಣಿ ಡಬ್ಬಿಯ ಎರಡೂ ಬಾಯಿ ಕತ್ತರಿಸಿ, ಫ್ಯಾನಿನ ಕಡೆ ಅಗಲ, ಎಂಜಿನ್ನಿನ ಕಡೆ ಇಕ್ಕಟ್ಟು ಮಾಡಿ ಕೂಡಿಸಿದಿವಿ.

ಮೊದಲ ಸಲ ಚಾಲೂ ಮಾಡಿದಾಗ ಫ್ಯಾನ್ ಉಲ್ಟಾ ತಿರಗಿತು. ಎಂಜಿನ್ನಿನ ಕಾವನ್ನೆಲ್ಲಾ ಜಗ್ಗಿ ನನ್ನ ಮಾರಿಗೆ ಬಿಟ್ಟಿತು. ಬೆಲ್ಟಿಗೆ ನಡಕ ಒಂದು ತಿರುವು ಕೊಟ್ಟು ಹಾಕಿದಿವಿ, ಸುಲ್ಟಾ ಆತು. ಆಮ್ಯಾಲ ನೋಡಿದರ ಸಿಪ್ಪಿಯ ಹುಡಿಯನ್ನ ತಾನ ಜಗ್ಗಿ ಫಿನ್ನಿಗೆ ತುಂಬಾಕತ್ತಿತು. ಸಿಪ್ಪಿ ಒಟ್ಟೂ ಜಾಗಾ ಆಚಿ ಕಡೆ ಮಾಡಿದಿವಿ, ಫ್ಯಾನಿನ ಹಿಂದ ಸೊಳ್ಳಿಪರದಿಯ ತುಂಡು ಕಟ್ಟಿದಿವಿ. ಫ್ಯಾನೂ ಎಂಜಿನ್ನಿನ ಜೋರು ತಿಂತಿತ್ತು. ಮೂರು ಕಬ್ಬು ಕೂಡಿಸಿ ಕೊಟ್ಟರ ಗಾಣ ಒದ್ದಾಡಿತು. ಎರಡ ಕೊಡೂದು ಅಂತ ಆತು.

ಸಂತಿ ದಿನ ಪರೀಕ್ಷಾ. ಬಿಸಿಲಿಗೆ ರಸ್ತಾದ ಡಾಂಬರ ಮೆತ್ತಗಾಗಿತ್ತು. ಮುಂಜಾನಿಂದ ಗಿರಾಕಿ. ನಾನು ಹೆರಿಯೂದು, ಅಕಿ ಕೊಡೂದು. ನಡುನಡುಕ ಅಕಿ ಬೆರಳು ಅದ್ದಿ ಹನಿ ಬಿಡತಿದ್ದಳು. ಎಂಜಿನ್ ನಿಲ್ಲೂ ಹೊತ್ತು ಬಂತು, ಹೋತು. ಹನಿ ಜಿಗೀಲಿಲ್ಲ. ಫಿನ್ನಿನ ಮ್ಯಾಲ ಕುಂತು, ಸಣ್ಣಗ ಕುದ್ದು, ಆರಿತು. ಚಾದಂಗಡಿಯಂವ ತಾನ ಬಂದು ಒಂದು ಗ್ಲಾಸ್ ಹಾಲು ಕುಡದ.

“ನೀನೂ ಒಂದು ಗುಟುಕು ಕುಡಿ ಆಯಿ” ಅಂದ.

“ನನಗ ಸಕ್ರಿ ಐತಿ. ಸುಮ್ಮನ ನಿನ್ನ ಅಂಗಡಿಗೆ ಹೋಗು” ಅಂದೆ.

ಸಂಜಿಗೆ ಸೊಸಿ ಎಂಜಿನ್ ಬಂದ್ ಮಾಡಿ ಎರಡೂ ಬೆಲ್ಟ್ ಇಳಿಸಿದಳು. ಅವತ್ತು ಅದು ತಾನಾಗಿ ನಿಲ್ಲಲಿಲ್ಲ, ನಾವ ನಿಲ್ಲಿಸಿದಿವಿ. ಹಂಗ ಮರುದಿನ, ಅದರ ಮರುದಿನ.

ಯುಗಾದಿ ಆದ ಮಾರನೇ ದಿನ ಸೊಸಿಯ ಅಣ್ಣ ಬಂದ. ತಾಯಿ ಕಟ್ಟಿ ಕೊಟ್ಟ ಹೋಳಿಗಿ ಗಂಟು ಕೈಯಾಗ. ಗಾಣ ತಿರಗಾಕತ್ತಿತ್ತು, ಐದಾರು ಮಂದಿ ನಿಂತಿದ್ದರು.

“ನಮ್ಮ ಫ್ಯಾನ್ ಎಲ್ಲಿ?” ಅಂದ.

ಸೊಸಿ ಬೊಟ್ಟು ಮಾಡಿ ತೋರಿಸಿದಳು.

“ಇದರ ಕಾಲು?”

“ಕೊಯ್ದೇವಿ.”

“ಯಾರನ್ನ ಕೇಳಿ ಕೊಯ್ದಿ?”

“ತರೂವಾಗ ಅವ್ವನ್ನ ಕೇಳೇನಿ. ಕೊಯ್ಯೂವಾಗ ಯಾರನ್ನೂ ಕೇಳಿಲ್ಲ.”

ಅಂವ ಬಗ್ಗಿ ಡಬ್ಬಿಯ ಮುಂದ ಕೈ ಹಿಡದು ನೋಡಿದ. ಗಾಳಿ ಅಂಗಿಯ ತೋಳಿನಾಗ ಹೊಕ್ಕು ಉಬ್ಬಿತು. ಆಮ್ಯಾಲ ದನಿ ಇಳಿಸಿ, “ಮತ್ತ ನಾ ಅವತ್ತು ಕೇಳಿದ್ದಕ್ಕ ಏನಂತಿ?” ಅಂದ.

ಸೊಸಿ ಎರಡು ಕಬ್ಬು ಗಾಣಕ್ಕ ಕೊಟ್ಟಳು. ಅವು ಪೂರಾ ಹಾಯ್ದ ಮ್ಯಾಲ ಸಿಪ್ಪಿ ತಗದು ಆಚಿ ಕಡೆ ಒಗದಳು. ಆಮ್ಯಾಲ, “ಸಂಜಿತನಕ ನಿಂದ್ರು ಅಣ್ಣಾ. ನಮ್ಮನಿಗೆ ಬಂದು ಊಟಾ ಮಾಡು. ನಾಳಿ ಹೋಗೀಯಂತ” ಅಂದಳು.

ಅಂವ ನನ್ನ ಮಾರಿ ನೋಡಿದ. ನಾ ಏನರೆ ಹೇಳಲಿ ಅಂತ ಇರಬೇಕು.

“ಬೆಲ್ಟಿನಿಂದ ಹಿಂದಕ್ಕ ಸರಿಯಪಾ, ಧೋತರ ಸಿಗತೈತಿ” ಅಂದೆ.

ಸರಿದು ನಿಂತ. ಆಮ್ಯಾಲ ಹೋಳಿಗಿ ಗಂಟು ನನ್ನ ಕೈಗೆ ಕೊಟ್ಟು, ನೆರಳಿಗೆ ಹೋಗಿ ಕುಂತ.

ಆ ಬೈಕಿನ ಮ್ಯಾಲ ಮೂರು ಮಂದಿ ದೊಡ್ಡವರು ಆಗೂದಿಲ್ಲ. ನಾ ಕೈ ತೊಳಕೊಂಡು, ಗಂಟು ತಗೊಂಡು, ಅವರಿಗಿಂತ ಮೊದಲ ಬಸ್ ಹಿಡದು ಬೆಳಗಲಿಗೆ ಹೊಂಟೆ. ಒಬ್ಬಂವ ಹೆಚ್ಚಿಗಿ ಇದ್ದ, ಹಿಟ್ಟು ಜಾಸ್ತಿ ನಾದಬೇಕಿತ್ತು.